ಬಲ ಅಂಚಿನ ಲಾಳಿ

9 ಏಪ್ರಿಲ್ 2006, ಭಾನುವಾರ, ಮೊಳಕಾಲ್ಮೂರು

ಈ ನೋಟ್‌ಬುಕ್ಕು ಕೆಮಿಸ್ಟ್ರಿ ರೆಕಾರ್ಡಿಗೆ ಅಂತ ತಂದದ್ದು. ಅರ್ಧ ಖಾಲಿ ಉಳಿದಿದೆ. ಮನೆಯಲ್ಲಿ ಬಾಯಿಬಿಡಲಾಗದ್ದನ್ನು ಇದಕ್ಕಾದರೂ ಹೇಳೋಣ ಎಂದು ಕೂತಿದ್ದೇನೆ. ವಿಷಯ ಇಷ್ಟೇ: ನಾನು ಸೆಲೆಕ್ಟ್ ಆಗಿದ್ದೇನೆ.

ಬೆಂಗಳೂರಿನ ಒಂದು ವಿಶ್ವವಿದ್ಯಾಲಯದವರು ಮೇ ತಿಂಗಳಲ್ಲಿ ಮೂರು ವಾರ ಪಿಯುಸಿ ಮಕ್ಕಳಿಗೆ ವಿಜ್ಞಾನ ಶಿಬಿರ ನಡೆಸುತ್ತಾರೆ. ಚಳ್ಳಕೆರೆಯ ನಮ್ಮ ಕಾಲೇಜಿನಿಂದ ಇಬ್ಬರಿಗೆ ಕರೆ ಬಂದಿದೆ. ನಾನು, ಮತ್ತೆ ಎಣ್ಣೆ ಮಿಲ್ಲಿನ ಚಿಕ್ಕಬಸಪ್ಪನವರ ಮಗಳು ಶೈಲಜಾ. ಅದೇ ವಿಶ್ವವಿದ್ಯಾಲಯದಲ್ಲಿ ಪಿಯುಸಿ ಮುಗಿದವರಿಗೆ ಐದು ವರ್ಷದ ಎಂ.ಎಸ್ಸಿ. ಇದೆ. ಇಡೀ ರಾಜ್ಯಕ್ಕೆ ಇಪ್ಪತ್ತು ಸೀಟು. ಅದರಲ್ಲೊಂದು ನನಗೆ ಬೇಕು. ಬೇಕೇ ಬೇಕು. ಫಾರಂ ತುಂಬಿಸುವಾಗಲೇ ಫಿಸಿಕ್ಸಿನ ಅಮರೇಶ್ ಸರ್ ಹೇಳಿದ್ದರು: "ಈ ಶಿಬಿರದ ಸರ್ಟಿಫಿಕೇಟ್ ಕೈಯಾಗಿದ್ರೆ ಮುಂದಿನ ವರ್ಷ ಇಂಟರ್‌ವ್ಯೂನಲ್ಲಿ ಅರ್ಧ ಸೀಟು ಸಿಕ್ಕಂಗೆ ಕಣಮ್ಮ."

ತೊಂದರೆ ಏನೆಂದರೆ ಮೇ ತಿಂಗಳು. ರಾಯದುರ್ಗದ ಒಂದು ಮದುವೆ ಮನೆಗೆ ಧಾರೆ ಸೀರೆ ನೇಯಲು ಅಪ್ಪ ಒಪ್ಪಿಕೊಂಡಿದ್ದಾನೆ. ನಮ್ಮೂರಿನ ಸೀರೆಯಲ್ಲಿ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ, ಹಾಗಾಗಿ ಅಡ್ಡ ನೂಲು ಹಾಯಿಸುವ ಮೂರು ಲಾಳಿ ಆಡಬೇಕು. ಎರಡು ಲಾಳಿ ಮಗ್ಗದಡಿಯ ಗುಂಡಿಗೆ, ಅಂದರೆ ಕುಣಿಗೆ, ಕಾಲಿಳಿಸಿ ಕೂತ ಅಪ್ಪನವು. ಬಲ ಅಂಚಿನದು ಪಕ್ಕದಲ್ಲಿ ಕೂತವರದು. ಎಂಟನೇ ವಯಸ್ಸಿನಿಂದ ಆ ಜಾಗ ನನ್ನದು. ಕೆಲಸ ಸುಲಭ, ನಿಯಮ ಒಂದೇ: ಅಪ್ಪನ ಲಾಳಿ ಬಂದು, ಅವನ ಕೈ ನಿಲ್ಲುವವರೆಗೆ ನನ್ನ ಕೈ ಏಳಬಾರದು. ಅವಸರಪಟ್ಟರೆ ಅಂಚಿಗೂ ಒಡಲಿಗೂ ಬೆಸುಗೆ ಕೂಡದೆ ಸಂದು ಬೀಳುತ್ತದೆ.

ಅಪ್ಪ ಕೇಳಿದರೆ ಹೇಳೋಣವೆಂದು ಮೂರು ದಿನದಿಂದ ಕಾಯುತ್ತಿದ್ದೇನೆ. ಅವನಿಗೆ ವಿಷಯವೇ ಗೊತ್ತಿಲ್ಲ, ಹೇಗೆ ಕೇಳಿಯಾನು?

12 ಏಪ್ರಿಲ್, ಬುಧವಾರ

ಗೊತ್ತಾಯಿತು. ಶೈಲಜಾ ಎಸ್‌ಟಿಡಿ ಬೂತಿನ ಬೊಮ್ಮಲಿಂಗಪ್ಪನಿಗೆ ಫೋನು ಮಾಡಿದಳು, ಅವನು ಇಡೀ ಓಣಿಗೆ ಕೇಳುವಂತೆ ಕೂಗಿದ: "ನಾಗೇಂದ್ರಪ್ಪಾ, ನಿನ್ ಮಗಳು ಬೆಂಗ್ಳೂರಿಗೆ ಹೋಗ್ತಾಳಂತೆ!"

ಅಪ್ಪ ಲಾಳಿ ಕೆಳಗಿಟ್ಟ. "ಯಾಕವ್ವಾ, ನಮ್ಗೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ" ಅಂದೆ. ಅಜ್ಜಿ ಬಿದ್ದುಬಿದ್ದು ನಕ್ಕಳು. ಅಪ್ಪ ನಗಲಿಲ್ಲ.

ಅವ್ವ ಓಣಿಯ ಮೂರು ಮಗ್ಗಕ್ಕೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ, ಅವಳಿಗೆ ತಲೆ ಎತ್ತಲು ಬಿಡುವಿಲ್ಲ. ಬಲಗಡೆ ಯಾರು ಕೂರುವುದು ಎಂಬ ಪ್ರಶ್ನೆ ಬಂತು. ಆಗ ಅಜ್ಜಿ, ಎಪ್ಪತ್ತು ದಾಟಿದ ಉಚ್ಚಂಗೆಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಹೋಗ್ಲಿ, ನಾ ಕೂರ್ತೀನಿ ಬಿಡ್ರಿ. ನಿಮ್ ತಾತನ ಪಕ್ಕ ನಲವತ್ತು ವರ್ಷ ಕೂತೋಳು ನಾನು. ಕೈ ಏನು ಮರೀತದಾ?"

ಅಪ್ಪ ಹೇಳಿದ: "ಆ ಕಾಗದದಿಂದ ಸೀಟು ಸಿಗ್ತೈತೆ ಅಂದ್ರೆ ಹೋಗು. ತಗಂಡೇ ಬಾ. ಬರಿಗೈಲಿ ಬರಬ್ಯಾಡ."

ತಂದೇ ತರುತ್ತೇನೆ.

1 ಮೇ, ಸೋಮವಾರ, ಬೆಂಗಳೂರು

ಹಾಸ್ಟೆಲು ದೊಡ್ಡದು. ಅನ್ನ ಮೆತ್ತಗೆ. ಮೂವತ್ತಾರು ಮಕ್ಕಳಿದ್ದೇವೆ. ಅರ್ಧದಷ್ಟು ಜನ ಮೇಷ್ಟರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಶೈಲಜಾಳ ಪಕ್ಕದ ಮಂಚ ಸಿಕ್ಕಿದೆ, ಅದೇ ಸಮಾಧಾನ.

3 ಮೇ, ಬುಧವಾರ

ಇವತ್ತು ಮರ್ಯಾದೆ ಹೋಯಿತು. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸುವ ಪ್ರಯೋಗ. ಶೈಲಜಾ ಗುಂಡು ಬಿಡಬೇಕು, ಬಿಟ್ಟ ಕ್ಷಣವೇ ನಾನು ಸ್ಟಾಪ್‌ವಾಚ್ ಒತ್ತಬೇಕು, ಗುಂಡು ಕೆಳಗಿನ ತಗಡಿಗೆ ಬಡಿದಾಗ ನಿಲ್ಲಿಸಬೇಕು. ಮೂವತ್ತು ಸಲ ಮಾಡಿದೆವು. ಲ್ಯಾಬ್ ನಡೆಸುವ ದಾಕ್ಷಾಯಿಣಿ ಮೇಡಂ ನಮ್ಮ ಪಟ್ಟಿ ನೋಡಿ ಹುಬ್ಬೇರಿಸಿದರು. ಎಲ್ಲ ಲೆಕ್ಕವೂ ಬರಬೇಕಾದ್ದಕ್ಕಿಂತ ಸುಮಾರು ಅರ್ಧ ಸೆಕೆಂಡು ಕಡಿಮೆ.

"ಬೇಜವಾಬ್ದಾರಿಯಿಂದ ಮಾಡಿದ್ದರೆ ಒಂದು ಹೆಚ್ಚು ಒಂದು ಕಡಿಮೆ ಬರುತ್ತಿತ್ತು. ಇದು ಮೂವತ್ತು ಸಲವೂ ಒಂದೇ ತಪ್ಪು. ಎಲ್ಲಿ, ಇನ್ನೊಂದು ಸಲ ಮಾಡಿ" ಅಂದರು. ಮಾಡಿದೆವು. ಅವರು ಗುಂಡನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. "ಅವಳು ಗುಂಡು ಬಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಆ ಕೈ ನಿಂತ ಮೇಲೆ ನೀನು ವಾಚ್ ಒತ್ತುತ್ತೀಯ. ಯಾಕಮ್ಮಾ?"

ಯಾಕೆಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಮಗ್ಗದಲ್ಲಿ ಮಾಡುತ್ತಿರುವುದೇ ಅದು. ಎಲ್ಲರೂ ಹೋದ ಮೇಲೆ ಕಾರಿಡಾರಿನಲ್ಲಿ ಅವರೇ ಮತ್ತೆ ಕೇಳಿದಾಗ ಹೇಳಿದೆ. ಮೇಡಂ ನಗುತ್ತಾರೆ ಅಂದುಕೊಂಡಿದ್ದೆ. "ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರನ್ನು ನಾನು ನೋಡಿಲ್ಲ" ಅಂದರು, ಹೊಗಳಿದಂತೆ. ನನಗೇನೂ ಸಂತೋಷವಾಗಲಿಲ್ಲ.

5 ಮೇ, ಶುಕ್ರವಾರ

ಊಟವಾದ ಮೇಲೆ ಮಂಗಳೂರಿನ ಹುಡುಗನೊಬ್ಬ ದಾಕ್ಷಾಯಿಣಿ ಮೇಡಂ ಅವರನ್ನು ನೇರವಾಗಿ ಕೇಳಿಬಿಟ್ಟ. "ಮೇಡಂ, ಈ ಶಿಬಿರಕ್ಕೆ ಬಂದರೆ ಇಲ್ಲಿನ ಸೀಟಿಗೆ ಎಷ್ಟು ಅಂಕ ಸೇರುತ್ತದೆ?"

"ಒಂದೂ ಇಲ್ಲ. ಪಿಯುಸಿ ಅಂಕ, ಇಂಟರ್‌ವ್ಯೂ, ಅಷ್ಟೇ. ಸರ್ಟಿಫಿಕೇಟನ್ನು ಬಿಚ್ಚಿ ನೋಡುವುದೂ ಇಲ್ಲ. ನೋಡಿದರೆ ಶಿಬಿರ ಸಿಗದ ಮಕ್ಕಳಿಗೆ ಅನ್ಯಾಯ. ಇಲ್ಲಿ ಪಾಠ ಮಾಡುವ ನಾವ್ಯಾರೂ ಆಯ್ಕೆಗೆ ಕೂರುವುದೂ ಇಲ್ಲ."

ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಮರೇಶ್ ಸರ್ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಇನ್ನೂ ಜಾಸ್ತಿ ಬಂತು. ಮದುವೆ ಸೀರೆ ಬಿಟ್ಟು, ಅಜ್ಜಿಯನ್ನು ಮಗ್ಗಕ್ಕೆ ಕೂರಿಸಿ, ಯಾವ ಲೆಕ್ಕಕ್ಕೂ ಬಾರದ ಕಾಗದಕ್ಕಾಗಿ ಇಲ್ಲಿ ಬಂದು ಕೂತಿದ್ದೇನೆ.

6 ಮೇ, ಶನಿವಾರ

ಶೈಲಜಾ ಹೋದಳು. ನಿನ್ನೆಯೇ ಮನೆಗೆ ಫೋನು ಮಾಡಿದ್ದಳು, ಇವತ್ತು ಚಿಕ್ಕಬಸಪ್ಪನವರೇ ಗಾಡಿ ತಂದರು. "ಸೋಮವಾರದಿಂದ ದಾವಣಗೆರೇಲಿ ಸಿಇಟಿ ಕೋಚಿಂಗ್ ಐತೆ ಕಣೇ. ಇಲ್ಲಿ ಗುಂಡು ಉರುಳಿಸ್ಕಂಡು ಕೂತ್ರೆ ಏನ್ ಬರ್ತೈತೆ? ಗಾಡೀಲಿ ಜಾಗ ಐತೆ, ಬರ್ತೀಯಾ?"

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅವಳಿಗೆ ಇಂಜಿನಿಯರಿಂಗ್ ಬೇಕು, ಅದರ ದಾರಿ ದಾವಣಗೆರೆಯಲ್ಲಿದೆ. ಚಿಕ್ಕಬಸಪ್ಪನವರೂ "ಬಾರವ್ವಾ, ಮೊಳಕಾಲ್ಮೂರಿಗೇ ಬಿಟ್ಟು ಬರ್ತೀನಿ" ಅಂದರು. ಬ್ಯಾಗು ತುಂಬಿದೆ. ಜಿಪ್ಪೂ ಎಳೆದೆ. ಗೇಟಿನವರೆಗೆ ಹೋಗಿ ನಿಂತುಬಿಟ್ಟೆ.

ಆ ಅರ್ಧ ಸೆಕೆಂಡು ಇನ್ನೂ ಪೂರ್ತಿ ಹೋಗಿಲ್ಲ. ನಿನ್ನೆ ಸಂಜೆಯೂ ಹತ್ತು ಸಲ ಮಾಡಿದ್ದೆ, ಕಾಲು ಸೆಕೆಂಡಿಗೆ ಇಳಿದಿದೆ. ಅದನ್ನು ಸರಿಮಾಡದೆ ಹೋದರೆ ಅದು ಜನ್ಮವಿಡೀ ನನ್ನ ಕೈಯಲ್ಲೇ ಇರುತ್ತದೆ. ಸೀಟಿಗೂ ಇದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಶೈಲಜಾಗೆ ಟಾಟಾ ಮಾಡಿ ವಾಪಸು ಬಂದೆ.

7 ಮೇ, ಭಾನುವಾರ

ಬೂತಿಗೆ ಅಪ್ಪನನ್ನು ಕರೆಸಿ ಮಾತಾಡಿದೆ. "ಅಜ್ಜಿ ಮುಂಗೈ ಬಾತೈತೆ. ಬಿಡು ಅಂದ್ರೂ ಬಿಡಂಗಿಲ್ಲ. ಬಟ್ಟೆ ಕಟ್ಕಂಡು ಕೂರ್ತಾಳೆ. ಎಳೆ ಬ್ಯಾರೆ ಮಧ್ಯಾಹ್ನಕ್ಕೆ ಪಟಪಟ ಅಂತ ಕಡೀತಾವೆ, ಬಿಸಿಲಿಗೆ. ನೀ ಅದೆಲ್ಲ ತಲೆಗೆ ಹಚ್ಕಬ್ಯಾಡ. ಆ ಕಾಗದ ತಗಂಡು ಬಾ."

"ಹೂಂ" ಅಂದೆ. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

9 ಮೇ, ಮಂಗಳವಾರ

ಕೊನೆಯ ವಾರಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಂದು ಪ್ರಶ್ನೆ ತರಬೇಕಂತೆ, ಉತ್ತರ ಪುಸ್ತಕದಲ್ಲಿ ಇಲ್ಲದ್ದು. ನನಗೆ ಹುಡುಕುವ ಕೆಲಸವಿರಲಿಲ್ಲ. ಎಳೆ ಯಾಕೆ ಕಡಿಯುತ್ತದೆ?

ಬೇಸಿಗೆಯಲ್ಲಿ ಅಪ್ಪ ಕುಣಿಯೊಳಗೆ ನೀರು ಚಿಮುಕಿಸುತ್ತಾನೆ. "ತೇವ ಇದ್ರೆ ಎಳೆಗೆ ಬಲ" ಅನ್ನುತ್ತಾನೆ, ಓಣಿಯವರೆಲ್ಲ ಅನ್ನುತ್ತಾರೆ. ಅದನ್ನು ಅಂಕಿಯಲ್ಲಿ ತೋರಿಸುತ್ತೇನೆ ಎಂದು ಬರೆದುಕೊಟ್ಟೆ. ಕಿತ್ತ ಗುಂಡಿ ಹೊಲಿಯಲು ಅಜ್ಜಿ ಬ್ಯಾಗಿಗೆ ಹಾಕಿದ್ದ ರೇಷ್ಮೆ ಎಳೆಯ ಉಂಡೆ ಇದೆ. ಒಣಗಿದ ಎಳೆ, ತೇವದ ಎಳೆ, ಎರಡಕ್ಕೂ ತೂಕ ಕಟ್ಟುತ್ತಾ ಹೋಗುವುದು. ಯಾವುದು ಜಾಸ್ತಿ ತಡೆಯುತ್ತದೆ ನೋಡುವುದು.

12 ಮೇ, ಶುಕ್ರವಾರ

ಉಲ್ಟಾ ಬಂತು. ತೇವದ ಎಳೆಯೇ ಕಡಿಮೆ ತೂಕಕ್ಕೆ ಕಡಿಯುತ್ತದೆ. ಇಪ್ಪತ್ತು ಎಳೆ ಹಾಳು.

13 ಮೇ, ಶನಿವಾರ

ಇನ್ನೂ ಇಪ್ಪತ್ತು. ಮತ್ತೆ ಉಲ್ಟಾ. ಕೈ ತಪ್ಪಿರಬೇಕು ಅಂದುಕೊಂಡು ವಾಚಿನ ಪ್ರಯೋಗ ತಿರುಗಿ ಮಾಡಿದೆ. ಕೈ ಸರಿಯಾಗಿದೆ. ಅಪ್ಪ ಹೇಳಿದ್ದು ತಪ್ಪಾ? ಓಣಿಗೆ ಓಣಿಯೇ ತಪ್ಪಾ?

14 ಮೇ, ಭಾನುವಾರ

ಎಲ್ಲರೂ ಲಾಲ್‌ಬಾಗಿಗೆ ಹೋದರು. ನಾನು ಹೋಗಲಿಲ್ಲ. ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ಎಳೆ ಕಟ್ಟುವುದು, ತೂಕ ಹಾಕುವುದು, ಕಡಿಯುವುದನ್ನು ಕಾಯುವುದು. ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಬಿತ್ತು. ಇಷ್ಟು ದಿನ ತೂಕವನ್ನೇ ನೋಡುತ್ತಿದ್ದೆ, ಎಳೆಯನ್ನು ನೋಡಿರಲಿಲ್ಲ. ತೇವದ ಎಳೆ ಕಡಿಯುವ ಮುಂಚೆ ಹಿಗ್ಗುತ್ತದೆ. ಒಣ ಎಳೆ ಹಿಗ್ಗುವುದೇ ಕಡಿಮೆ, ಬಿಗಿಯಾಗಿದ್ದು ಪಟ್ ಅನ್ನುತ್ತದೆ. ಗೋಡೆಗೆ ಪೆನ್ಸಿಲ್ ಗೆರೆ ಹಾಕಿ ಅಳೆದೆ.

ಮಗ್ಗದಲ್ಲಿ ತೂಕ ನಿಧಾನಕ್ಕೆ ಎಲ್ಲಿ ಬೀಳುತ್ತದೆ? ಅಪ್ಪ ಕುಣಿಯೊಳಗಿನ ಕಾಲುಹಲಗೆ ತುಳಿದ ಕೂಡಲೇ ಎಳೆಗೆ ಒಂದು ಜಗ್ಗು ಬೀಳುತ್ತದೆ. ಹಾಗಾದರೆ ಜಗ್ಗಬೇಕು! ಒಂದೇ ಎತ್ತರದಿಂದ ಸಣ್ಣ ತೂಕ ಬೀಳಿಸಿದೆ. ಒಣ ಎಳೆ ಹತ್ತರಲ್ಲಿ ಎಂಟು ಕಡಿಯಿತು. ತೇವದ್ದು ಹತ್ತರಲ್ಲಿ ಎರಡು. ಪಟ್ಟಿ ಹಿಡಿದು ಓಡಿ ದಾಕ್ಷಾಯಿಣಿ ಮೇಡಂ ಅವರ ಕ್ವಾರ್ಟರ್ಸಿನ ಬಾಗಿಲು ಬಡಿದೆ. ಭಾನುವಾರ ಅನ್ನುವುದು, ಅವರು ತಲೆಗೆ ಎಣ್ಣೆ ಹಚ್ಚಿಕೊಂಡು ಹೊರಗೆ ಬಂದಾಗ ನೆನಪಾಯಿತು. ಪಾಪ, ಅವರು ಬೈಯಲಿಲ್ಲ. "ಹತ್ತು ಸಾಲದು, ಐವತ್ತು ಮಾಡು" ಅಂದರು.

ಐವತ್ತಕ್ಕೆ ಉಂಡೆ ಸಾಲುವುದಿಲ್ಲ. ಚಿಕ್ಕಪೇಟೆಗೆ ಹೋಗಿ ತರಬೇಕು. ಒಬ್ಬಳೇ ಹೋಗುತ್ತೇನೆ.

20 ಮೇ, ಶನಿವಾರ

ಸರ್ಟಿಫಿಕೇಟ್ ಕೊಟ್ಟರು. ಮಂಗಳೂರಿನವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ನಾನು ನೋಟ್‌ಬುಕ್ಕಿನ ಮಧ್ಯೆ ಇಟ್ಟಿದ್ದೇನೆ. ಐವತ್ತು ಸಲ ಮಾಡಿದರೂ ಅದೇ ಉತ್ತರ ಬಂದ ಎಳೆಯ ಪಟ್ಟಿಗಳು ಅದಕ್ಕಿಂತ ದಪ್ಪ.

22 ಮೇ, ಸೋಮವಾರ, ಮೊಳಕಾಲ್ಮೂರು

ಅಜ್ಜಿಯ ಮುಂಗೈ ಬದನೆಕಾಯಿ ಹಾಗೆ ಊದಿದೆ. ಸೆರಗು ನೇಯುವುದು ಮಾತ್ರ ಉಳಿದಿತ್ತು, ಬಂದವಳೇ ಅಜ್ಜಿಯನ್ನು ಎಬ್ಬಿಸಿ ಕೂತೆ. ಅವಳು ಕೂತ ಉದ್ದಕ್ಕೂ ಬೆಸುಗೆಯಲ್ಲಿ ಒಂದು ಸಂದಿಲ್ಲ.

ಮಾತಾಡಬೇಕು ಅಂದುಕೊಳ್ಳುವಷ್ಟರಲ್ಲಿ ಅಪ್ಪ ಸರ್ಟಿಫಿಕೇಟ್ ತೆಗೆದುಕೊಂಡು ಹೊರಗೆ ಹೋದ. ಅದಕ್ಕೂ ಮುಂಚೆ ಅಜ್ಜಿ ಅದನ್ನು ದೇವರ ಮುಂದಿಟ್ಟು ವಿಭೂತಿ ಎಳೆದು ಕುಂಕುಮ ಇಟ್ಟಿದ್ದಳು. ಅಪ್ಪ ಅದರ ಮೇಲೆಯೇ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ. ಈಗ ಕುಂಕುಮ ಒರೆಸಲೂ ಬರುವುದಿಲ್ಲ. ವಿಶ್ವವಿದ್ಯಾಲಯದ ಲಾಂಛನದ ಹಣೆಗೆ ಸರಿಯಾಗಿ ಕೂತಿದೆ.

23 ಮೇ, ಮಂಗಳವಾರ

ಹೇಳಿದೆ. ಅಪ್ಪ ಕೇಳುವವರೆಗೆ ಕಾಯಲು ಆಗಲಿಲ್ಲ. ಮಗ್ಗದ ಮೇಲೆ ಕೂತಾಗಲೇ ಹೇಳಿದೆ: "ಅಪ್ಪಾ, ಆ ಕಾಗದಕ್ಕೆ ಒಂದು ಮಾರ್ಕೂ ಇಲ್ವಂತೆ. ಐದನೇ ದಿನಾನೇ ಗೊತ್ತಾಗಿತ್ತು. ಆದ್ರೂ ಬರ್ಲಿಲ್ಲ ನಾನು."

ಅಪ್ಪನ ಕೈ ನಿಂತಿತು. "ನಿಮ್ಮಜ್ಜಿ ಕೈ ನೋಡಿದ್ಯಾ?"

"ನೋಡ್ದೆ."

"ಮತ್ತೆ ಅಲ್ಲಿ ಏನ್ ಮಾಡ್ತಿದ್ದೆ?"

ಪಟ್ಟಿ ತಂದು ತೋರಿಸಿದೆ. ತೇವದ ಎಳೆಗೆ ಬಲ ಕಡಿಮೆ ಅಂದದ್ದೇ ತಡ, ಅಪ್ಪ ಸಿಡುಕಿದ. "ಮೂವತ್ತು ವರ್ಷ ನೀರು ಚಿಮುಕಿಸಿದ್ದು ಸುಳ್ಳಾ?"

"ಸುಳ್ಳಲ್ಲಪ್ಪಾ. ಬಲ ಜಾಸ್ತಿ ಆಗಲ್ಲ. ಜಗ್ಗಿದ್ರೆ ಹಿಗ್ತೈತೆ, ಅದಕ್ಕೇ ಉಳ್ಕಳ್ತೈತೆ. ಒಣಗಿದ್ದು ಹಿಗ್ಗಲ್ಲ, ಅದಕ್ಕೇ ಕಡೀತೈತೆ."

ಅಪ್ಪ ನಂಬಲಿಲ್ಲ. ತೊಲೆಗೆ ಎಳೆ ಕಟ್ಟಿ, ತಕ್ಕಡಿಯ ತೂಕದ ಕಲ್ಲು ತೂಗುಹಾಕಿ, ತಾನೇ ಜಗ್ಗಿ ನೋಡಿದ. ಹನ್ನೆರಡು ಎಳೆ. ಅಜ್ಜಿ ಪಕ್ಕದಲ್ಲಿ ಕೂತು ಎಣಿಸಿದಳು. ಕೊನೆಗೆ ಅಪ್ಪ, "ಅಂಗಂತ ಮೊದ್ಲೇ ಹೇಳಬಾರ್ದಾ?" ಅಂದ. ಕಾಗದದ ಮಾತು ಮತ್ತೆ ಎತ್ತಲಿಲ್ಲ. ಆದರೆ ಅಜ್ಜಿ ಎಡಗೈಯಲ್ಲಿ ತುತ್ತು ಕಲಸುವುದನ್ನು ಕಂಡು ನನಗೆ ಊಟ ಸೇರಲಿಲ್ಲ. ಆ ಸೀಟು ನಾನು ತೆಗೆದುಕೊಳ್ಳದೆ ಬಿಡುವುದಿಲ್ಲ.

18 ನವೆಂಬರ್, ಶನಿವಾರ, ಚಳ್ಳಕೆರೆ

ಬಹಳ ದಿನವಾಯಿತು ಬರೆದು. ಓದು, ನಾನಿಲ್ಲಿ ಉಳಿದುಕೊಂಡಿರುವ ಚಿಕ್ಕಮ್ಮನ ಮನೆ, ಕಾಲೇಜು. ಇವತ್ತು ಅಮರೇಶ್ ಸರ್ ಬೋರ್ಡಿನ ಮೇಲೆ ಮಾಡಿದ ಲೆಕ್ಕದಲ್ಲಿ ಚಿಹ್ನೆ ತಪ್ಪಿತ್ತು. "ಸರ್, ಅಲ್ಲಿ ಮೈನಸ್ ಬರಬೇಕು" ಅಂದೆ. ಕ್ಲಾಸೆಲ್ಲ ತಿರುಗಿ ನೋಡಿತು. ಯಾಕೆ ನೋಡಿದರೋ ಗೊತ್ತಾಗಲಿಲ್ಲ, ತಪ್ಪಿದ್ದು ಸರ್ ಅಲ್ಲವಾ?

18 ಜೂನ್ 2007, ಸೋಮವಾರ, ಬೆಂಗಳೂರು

ಇಂಟರ್‌ವ್ಯೂ ಮುಗಿಯಿತು. ಪಿಯುಸಿಯಲ್ಲಿ ನನ್ನ ಅಂಕ ಸಾಧಾರಣಕ್ಕಿಂತ ಮೇಲು, ಆದರೆ ಬೆಂಚಿನಲ್ಲಿದ್ದವರಿಗೆಲ್ಲ ನನಗಿಂತ ಜಾಸ್ತಿ. ಹತ್ತು ಜನರಲ್ಲಿ ಏಳು ಜನರ ಫೈಲಿನಲ್ಲಿ ಒಂದಲ್ಲ ಒಂದು ಶಿಬಿರದ ಸರ್ಟಿಫಿಕೇಟು. ಒಬ್ಬನ ಹತ್ತಿರ ಮೂರು. ದೇವರ ಕುಂಕುಮ ಜೊತೆಗಿರಲಿ ಎಂಬ ಅಪ್ಪನ ಒತ್ತಾಯಕ್ಕೆ ನಾನೂ ನನ್ನ ಸರ್ಟಿಫಿಕೇಟು ತಂದಿದ್ದೆ. ಗುಮಾಸ್ತರು ಅದನ್ನು ತುದಿಬೆರಳಲ್ಲಿ ಎತ್ತಿ, "ಇದು ಬೇಡಮ್ಮ, ಮಾರ್ಕ್ಸ್ ಕಾರ್ಡ್ ಕೊಡು" ಎಂದು ವಾಪಸು ಕೊಟ್ಟರು. ಕಾರಿಡಾರಿನ ತುದಿಯಲ್ಲಿ ದಾಕ್ಷಾಯಿಣಿ ಮೇಡಂ ಹೋಗುವುದು ಕಂಡಿತು. ಅವರು ಈ ಕಡೆ ತಿರುಗಲಿಲ್ಲ.

ಒಳಗೆ ಮೂವರು. ಮೊದಲ ಪ್ರಶ್ನೆ ಉಷ್ಣದ ಬಗ್ಗೆ. ಅರ್ಧಕ್ಕೆ ನಿಂತೆ. ಎರಡನೆಯದು ಗೊತ್ತೇ ಇರಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿಯ ಮುಂಗೈ ನೆನಪಿಗೆ ಬಂತು. "ಸರ್, ಇದು ನನಗೆ ಬರಲ್ಲ. ಬರೋದು ಒಂದೈತೆ, ಹೇಳ್ತೀನಿ" ಅಂದವಳೇ ಎದ್ದು ಚಾಕ್ ತೆಗೆದುಕೊಂಡೆ. ತೂಕಕ್ಕೆ ಎಳೆ ಎಷ್ಟು ಹಿಗ್ಗುತ್ತದೆ ಎನ್ನುವ ಗೆರೆ ಎರಡೂ ಬೋರ್ಡಿನ ಮೇಲೆ ಬರೆದೆ, ಒಣದ್ದು, ತೇವದ್ದು. ಮೂವರಲ್ಲಿ ಕನ್ನಡಕ ಹಾಕಿದ್ದವರು ಜಗಳಕ್ಕೇ ಬಿದ್ದರು. ಎಳೆಯಲ್ಲಿ ಎಷ್ಟು ನೀರಿತ್ತು, ಅಳೆದೆಯಾ ಅಂದರು. ಅಳೆದಿಲ್ಲ, ಅಳೆಯಬೇಕಿತ್ತು, ಹೀಗೆ ಅಳೆಯಬಹುದು ಅಂದೆ. ಹಾಗೆ ಅಳೆದರೆ ತಪ್ಪು ಅಂದರು. ಯಾಕೆ ತಪ್ಪು ಸರ್ ಅಂದೆ. ಅರ್ಧ ಗಂಟೆ ಹಿಡಿಯಿತು.

ಹೊರಗೆ ಬಂದ ಮೇಲೆ ತೂಕ ಮಾಡಿಯೇ ನೀರನ್ನು ಅಳೆಯಬಹುದಿತ್ತು ಎಂದು ಹೊಳೆಯಿತು. ತಲೆ ಚಚ್ಚಿಕೊಳ್ಳುವಂತಾಯಿತು. ಎರಡು ಪ್ರಶ್ನೆ ಬಿಟ್ಟವಳಿಗೆ ಸೀಟು ಕೊಡುತ್ತಾರಾ?

5 ಜುಲೈ, ಗುರುವಾರ, ಮೊಳಕಾಲ್ಮೂರು

ಹದಿನೇಳನೆಯ ಹೆಸರು ನನ್ನದು.

ಬೂತಿನಿಂದ ಫೋನು ಮಾಡಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಬೊಮ್ಮಲಿಂಗಪ್ಪ ಕೂಗುವ ಮೊದಲು ನಾನೇ ಓಣಿಯಲ್ಲಿ ಕೂಗಿಕೊಂಡು ಬಂದೆ. ಅವ್ವ ಕಂಡಿಕೆಯ ರಾಟೆ ಬಿಟ್ಟು ಓಡಿಬಂದು ಅಪ್ಪಿಕೊಂಡಳು. ಅಜ್ಜಿ ಜಟಿಂಗ ರಾಮೇಶ್ವರನ ಬೆಟ್ಟ ಹತ್ತುತ್ತೇನೆಂದು ಹರಕೆ ಹೊತ್ತಿದ್ದಳಂತೆ. "ಅಜ್ಜಿ, ಅಷ್ಟು ಮೆಟ್ಟಿಲು!" ಅಂದರೆ, "ಹರಕೆ ಕೈದಾ, ಕಾಲಿಂದಾ? ಕಾಲು ಗಟ್ಟಿ ಅದಾವೆ" ಅಂದಳು. ಅಪ್ಪ ಅಂಗಡಿಗೆ ಹೋಗಿ ಬೆಲ್ಲ ತಂದ.

14 ಜುಲೈ, ಶನಿವಾರ, ಚಳ್ಳಕೆರೆ

ಟಿ.ಸಿ. ತರಲು ಹೋಗಿದ್ದೆ. ಶೈಲಜಾ ಸಿಕ್ಕಳು. ಅವಳಿಗೂ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಸೀಟು ಆಗಿದೆ, ಶಿಬಿರ ಬಿಟ್ಟು ಹೋದವಳಿಗೆ. ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂದೆವು.

ಅಮರೇಶ್ ಸರ್ ಬಿಡಲಿಲ್ಲ, ಫಸ್ಟ್ ಪಿಯುಸಿ ಕ್ಲಾಸಿಗೆ ಕರೆದುಕೊಂಡು ಹೋದರು. "ನೋಡ್ರಪ್ಪಾ, ಶಿಬಿರದ ಸರ್ಟಿಫಿಕೇಟ್‌ನಿಂದ ಸೀಟು ಹೊಡೆದೋಳು ಇವಳೇ. ನೀವೇ ಕೇಳ್ರಿ" ಅಂದರು. ಅಷ್ಟು ಮಕ್ಕಳ ಮುಂದೆಯೇ, "ಇಲ್ಲ ಸರ್. ಅದನ್ನ ಅವರು ನೋಡ್ಲೂ ಇಲ್ಲ" ಅಂದೆ. ಸರ್ ಮುಖ ಸಪ್ಪಗಾಯಿತು. ಪಾಪ ಅನ್ನಿಸಿತು, ಆದರೆ ಸುಳ್ಳು ಹೇಳಿ ಇನ್ನೊಬ್ಬಳ ಅಜ್ಜಿಯನ್ನು ಮಗ್ಗಕ್ಕೆ ಕೂರಿಸಲಾರೆ.

ಮುಂದಿನ ಬೆಂಚಿನಲ್ಲಿದ್ದ ಹುಡುಗಿ ಕೈ ಎತ್ತಿದಳು. ಹೆಸರು ಯರ್ರಮ್ಮ, ನಮ್ಮೂರ ಹತ್ತಿರದ ಸಿದ್ದಾಪುರದಿಂದ ಬರುತ್ತಾಳೆ. "ಅಂಗಾದ್ರೆ ಹೋಗಬಾರ್ದೇನಕ್ಕಾ?"

"ಕಾಗದಕ್ಕೆ ಅಂತ ಹೋಗಬ್ಯಾಡ. ನಿನ್ನ ತಲೇಲಿ ಒಂದು ಪ್ರಶ್ನೆ ಕಚ್ಕಂಡು ಕೂತಿದ್ರೆ ಹೋಗು. ಅಲ್ಲಿ ಅದಕ್ಕೆ ಸಾಮಾನು ಅದಾವೆ, ಜಗಳ ಆಡೋಕೆ ಜನ ಅದಾರೆ."

ಸರಿಯಾಗಿ ಹೇಳಿದೆನೋ ಇಲ್ಲವೋ. ಶಿಬಿರದಲ್ಲಿ ಮಾಡಿದ ಪ್ರಯೋಗ ಇಂಟರ್‌ವ್ಯೂಗೆ ಉಪಯೋಗಕ್ಕೆ ಬಂತು ಅನ್ನುವುದೂ ನಿಜ. ಸುಮ್ಮನೆ ಶಿಬಿರದ ಫಾರಂ ಎಲ್ಲಿ ಸಿಗುತ್ತದೆಂದು ಅವಳಿಗೆ ಬರೆದುಕೊಟ್ಟು ಬಂದೆ.

22 ಜುಲೈ, ಭಾನುವಾರ, ಮೊಳಕಾಲ್ಮೂರು

ಮುಂದಿನ ವಾರ ಹೊರಡಬೇಕು. ಮಗ್ಗದ ಮೇಲಿರುವ ಸೀರೆ ಮುಗಿಸಿ ಹೋಗೋಣವೆಂದು ಬೆಳಿಗ್ಗೆಯೇ ಕೂತೆ. ನನ್ನ ಕೈಗೆ ಏನಾಗಿದೆಯೋ! ಅಪ್ಪನ ಲಾಳಿ ಇನ್ನೂ ದಾರಿಯಲ್ಲಿರುವಾಗಲೇ ನನ್ನದು ಹೊರಟುಬಿಡುತ್ತದೆ. ಒಂದು ಸಲ, ಎರಡು ಸಲ. ಮೂರನೆಯ ಸಲ ಬೆಸುಗೆಯಲ್ಲಿ ಕಾಣುವ ಹಾಗೆ ಸಂದು ಬಿತ್ತು. ಇಷ್ಟು ವರ್ಷ ಆಗದ್ದು. ನಾಚಿಕೆಯಾಯಿತು. ಅಭ್ಯಾಸ ತಪ್ಪಿದ್ದಕ್ಕೆ ಇರಬೇಕು.

ಅಪ್ಪ ಸಂದು ಬಿಚ್ಚಲಿಲ್ಲ. ಅದರ ಮೇಲೆ ಬೆರಳಾಡಿಸಿದ. ಆಮೇಲೆ ಕುಣಿಯಿಂದ ಕಾಲು ತೆಗೆದು ಎದ್ದ. "ಏಳವ್ವಾ. ಈ ಕಡೆ ಬಾ."

"ಯಾಕಪ್ಪಾ?"

"ಬಾ ಅಂದ್ನಲ್ಲ. ಇಳಿ ಕುಣಿಗೆ."

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಯಾರೂ ಆ ಜಾಗದಲ್ಲಿ ಕೂತದ್ದಿಲ್ಲ. ನಲವತ್ತು ವರ್ಷ ಪಕ್ಕದಲ್ಲಿದ್ದ ಅಜ್ಜಿಯೂ ಇಲ್ಲ. ಅವಳು ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಕುಣಿಯ ಮಣ್ಣು ಅಪ್ಪ ಚಿಮುಕಿಸಿದ ನೀರಿಗೆ ತಣ್ಣಗಿತ್ತು. ತುಳಿಯುವ ಹಲಗೆ ನನ್ನ ಕಾಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಅಪ್ಪ ನನ್ನ ಜಾಗದಲ್ಲಿ, ಬಲಗಡೆ, ಮಂಡಿ ಮಡಚಿ ಕೂತು ಬಲ ಅಂಚಿನ ಲಾಳಿ ಕೈಗೆ ತೆಗೆದುಕೊಂಡ.

"ಹೂಂ, ಹಾಕು" ಅಂದ. "ನಾ ಕಾಯ್ತೀನಿ."

ನಾಲ್ಕು ಬೆರಳಷ್ಟು ನೇಯ್ದೆ. ಚೆನ್ನಾಗಿ ಬಂದಿಲ್ಲ, ಹೊಡೆತ ಒಂದು ಗಟ್ಟಿ ಒಂದು ಸಡಿಲ. ಆದರೆ ಬಲಗಡೆಯ ಬೆಸುಗೆಯಲ್ಲಿ ಎಲ್ಲೂ ಸಂದಿಲ್ಲ. ಪ್ರತಿ ಸಲವೂ ನನ್ನ ಕೈ ಪೂರ್ತಿ ನಿಂತ ಮೇಲೆಯೇ ಅಪ್ಪನ ಕೈ ಏಳುತ್ತಿತ್ತು.